ಕಮ್ಮಾರನ ಸೊಂಟದ ಕೀಲು

"ಗುರುಗಳೇ, ನಾನೂ ನನ್ನ ಹೆಂಡತಿಯೂ ಒಂದು ದಿನವೂ ಕೂಗಾಡಿ ಜಗಳವಾಡಿದವರಲ್ಲ. ನಾನು ಹಿಡಿದದ್ದು ಬಿಡುವುದಿಲ್ಲ, ಅವಳೂ ಬಿಡುವುದಿಲ್ಲ, ಅಷ್ಟೇ. ಮನೆ ನೆಟ್ಟಗೆ ನಿಂತಿದೆ. ಹಾಗಿದ್ದೂ ಮಗಳು ಯಾಕೆ ಮಾತು ಬಿಟ್ಟಳು?"

ಹೀಗೆ ಕೇಳಿದವನು ಗಿರಿಮಲ್ಲ, ನಿರ್ವಾಣಯ್ಯ ಸ್ವಾಮಿಗಳ ಹಳೆಯ ಶಿಷ್ಯ. ಮಗಳು ಶಾಲೆಯಲ್ಲಿ ಮಾತಾಡುತ್ತಾಳೆ, ಮನೆಯ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಆ ಸಂಕಟವೇ ಅವನನ್ನು ಮಠಕ್ಕೆ ಎಳೆದು ತಂದಿತ್ತು. ಹೆಂಡತಿಯದೇ ತಪ್ಪು ಎಂದು ಗುರುಗಳ ಬಾಯಲ್ಲಿ ಕೇಳಿಕೊಂಡು ಹೋಗುವ ಆಸೆಯೂ ಒಳಗೊಳಗೇ ಇತ್ತೆನ್ನಿ. ಸ್ವಾಮಿಗಳು ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಸೊಂಟದ ಕೀಲು ಕೆಟ್ಟು, ಹೆಜ್ಜೆ ಎತ್ತಿಟ್ಟರೆ ಜೀವ ಹೋದಂತಾಗುತ್ತಿತ್ತು. ವೈದ್ಯರು ಕೃತಕ ಕೀಲು ಹಾಕುತ್ತೇವೆಂದರು. ಲೋಹದ ಗುಂಡು, ಅದು ತಿರುಗಲು ಪ್ಲಾಸ್ಟಿಕ್ಕಿನ ಬಟ್ಟಲು. ಕಮ್ಮಾರನಿಗೆ ರೇಗಿತು.

"ಪ್ಲಾಸ್ಟಿಕ್ಕು ಬಕೆಟ್ಟಿಗಾಯಿತು. ನನಗೆ ಎರಡೂ ಲೋಹದ್ದೇ ಹಾಕಿ" ಎಂದ.

ಊರಿನ ಗಾಡಿಗಳ ಉಕ್ಕಿನ ಅಚ್ಚಿಗೆಲ್ಲ ಸವೆತ ತಡೆಯುವ ಹಿತ್ತಾಳೆಯ ಬಳೆ, ಅಂದರೆ ಬುಷ್, ಕೂರಿಸಿಕೊಟ್ಟವನೇ ಅವನು. ಗಟ್ಟಿಗೆ ಗಟ್ಟಿ ಉಜ್ಜಬಾರದು, ಎರಡರಲ್ಲಿ ಒಂದು ಮೆತ್ತಗಿರಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳಿದವನೂ ಅವನೇ. ತನ್ನ ಮೈಯ ವಿಷಯ ಬಂದಾಗ ಮಾತ್ರ ಮೆತ್ತನೆಯದೆಂದರೆ ಅವಮಾನವಾಯಿತು, ಪುಣ್ಯಾತ್ಮನಿಗೆ! ವೈದ್ಯರು ಎಚ್ಚರಿಸಿದರು, ಕೊನೆಗೆ ಅವನ ಹಟಕ್ಕೆ ಸೋತು ಒಪ್ಪಿದರು.

ಕೆಲವು ವರ್ಷ ಚೆನ್ನಾಗಿಯೇ ನಡೆದ, ಸುತ್ತಿಗೆಯನ್ನೂ ಎತ್ತಿದ. ಗುಂಡು ಮುರಿಯಲಿಲ್ಲ, ಬಟ್ಟಲು ಬಿರಿಯಲಿಲ್ಲ. ಆದರೆ ಒಂದಕ್ಕೊಂದು ಉಜ್ಜಿ ಉಜ್ಜಿ, ಕಣ್ಣಿಗೆ ಕಾಣದ ಪುಡಿ ಒಳಗೆ ಉದುರುತ್ತಿತ್ತು. ಆ ಪುಡಿಯನ್ನು ಹಗೆಯೆಂದು ತಿಳಿದ ಮೈ, ಅದರೊಡನೆ ಕಾದಾಡಲು ಹೋಗಿ ಅಕ್ಕಪಕ್ಕದ ತನ್ನದೇ ಮೂಳೆಯನ್ನು ತಿಂದುಹಾಕಿತು. ನೋವು ತಾಳಲಾರದೆ ಮತ್ತೆ ಕುಯ್ಯಿಸಿಕೊಂಡಾಗ ಕೀಲೇನೋ ಹೊರಬಂತು, ಹೊಸದನ್ನು ಕೂರಿಸಲು ಒಳಗೆ ಮೂಳೆಯೇ ಉಳಿದಿರಲಿಲ್ಲ. ಕಮ್ಮಾರ ಮತ್ತೆ ನಡೆಯಲಿಲ್ಲ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಗಿರಿಮಲ್ಲನಿಗೆ ಅಯ್ಯೋ ಪಾಪ ಎನಿಸಿತು. ಆದರೂ ಕತೆ ಅರ್ಧಕ್ಕೇ ನಿಂತಂತಾಗಿ, ಮನಸ್ಸು ತಡೆಯದೆ ಕೇಳಿಯೇಬಿಟ್ಟ.

"ಕೊನೆಗೆ ಹೆಚ್ಚು ಸವೆದಿದ್ದು ಯಾವುದು ಗುರುಗಳೇ, ಗುಂಡೋ ಬಟ್ಟಲೋ?"

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ಮೂಳೆ ಹೋಯಿತು ಅಂದರೂ, ಸೋತವರು ಯಾರು ಅಂತಲೇ ಕೇಳುತ್ತೀಯಲ್ಲೋ."