ತಾತನವರ ಹಿತ್ತಲಿನ ಒರಳು

ತೊರೆಬೊಮ್ಮನಹಳ್ಳಿಯ ಪೂಜ್ಯ ಶ್ರೀ ಮರುಳಯ್ಯ ತಾತನವರು ಊರಾಚೆ, ಕುರುಚಲು ಕಾಡು ಶುರುವಾಗುವ ಕಡೆ, ಹುಲ್ಲುಮಾಡಿನ ಒಂದು ಗುಡಿಸಲಿನಲ್ಲಿ ವಾಸವಾಗಿದ್ದರು. ಗುಡಿಸಲಿಗೆ ಎರಡು ಬಾಗಿಲು. ಮುಂಬಾಗಿಲಿಗೆ ಭಕ್ತರು ಬರುತ್ತಿದ್ದರು, ಹಿಂಬಾಗಿಲಿಗೆ ಜಿಂಕೆಗಳು. ಭಕ್ತರಿಗೆ ಕೇಳುವುದು ಬಹಳ ಇರುತ್ತಿತ್ತು. ಜಿಂಕೆಗಳು ಏನನ್ನೂ ಕೇಳುತ್ತಿರಲಿಲ್ಲ. ತಾತನವರು ಸದಾ ಹಿಂಬಾಗಿಲಿಗೆ ಮುಖಮಾಡಿ ಕುಳಿತಿರುತ್ತಿದ್ದರು. ಬೆಳಕು ಆ ಕಡೆಯಿಂದ ಬರುತ್ತಿತ್ತು ಎಂದು ಭಕ್ತರು ಅದಕ್ಕೆ ಕಾರಣ ಕೊಡುತ್ತಿದ್ದರು.

ಕಾಡಿನ ಜಿಂಕೆಗಳು ಮನುಷ್ಯರ ಹಿತ್ತಲಿಗೆ ಯಾಕೆ ಬರುತ್ತವೆ ಎಂಬುದು ಸುತ್ತಲಿನ ಹಳ್ಳಿಗಳಲ್ಲಿ ಬಹುಕಾಲ ಚರ್ಚೆಯಲ್ಲಿದ್ದ ವಿಷಯ. ಅವು ಹಿಂದಿನ ಜನ್ಮದಲ್ಲಿ ತಾತನವರ ಶಿಷ್ಯರಾಗಿದ್ದವು, ಪಾಠ ಮುಗಿಯುವ ಮೊದಲೇ ಸತ್ತವು, ಉಳಿದ ಪಾಠಕ್ಕೆ ಬರುತ್ತಿವೆ ಎಂದು ಊರಿನ ಶಾನುಭೋಗರು ತೀರ್ಮಾನಿಸಿದ್ದರು. ಯಾರೋ ತಾತನವರನ್ನೇ ಕೇಳಿದಾಗ, "ಅವು ಬಂದಾಗ ಅವನ್ನೇ ಕೇಳಿ" ಎಂದು ಅಪ್ಪಣೆ ಕೊಡಿಸಿದರು. ಜಿಂಕೆಗಳು ಬೆಳಕು ಹರಿಯುವಾಗ ಬರುತ್ತಿದ್ದವು. ಭಕ್ತರು ಅಷ್ಟು ಬೇಗ ಏಳುತ್ತಿರಲಿಲ್ಲ. ಹೀಗೆ ಪ್ರಶ್ನೆ ಹಾಗೆಯೇ ಉಳಿಯಿತು.

ಊರಿನ ಮನೆಗಳು ಸರದಿಯಂತೆ ಗುಡಿಸಲಿಗೆ ಪಡಿ ಕಳಿಸುತ್ತಿದ್ದವು: ರಾಗಿಹಿಟ್ಟು, ಕೊಂಚ ಬೇಳೆ, ಒಂದು ಹಿಡಿ ಹರಳುಪ್ಪು. ಆದರೆ ತಾತನವರು ಉಣ್ಣುತ್ತಿದ್ದುದು ಸಪ್ಪೆ ಅಂಬಲಿ. ರುಚಿಯನ್ನು ಗೆದ್ದ ಮಹನೀಯರೆಂದು ಊರು ಕೈಮುಗಿಯುತ್ತಿತ್ತು. ಗೆದ್ದ ಮೇಲೆ ಆ ಉಪ್ಪು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಭಕ್ತಿಯಲ್ಲಿ ಅಂಥ ಪ್ರಶ್ನೆಗಳಿಗೆ ಜಾಗ ಕಡಿಮೆ.

ಆ ಪ್ರಶ್ನೆಯನ್ನು ಕೇಳಿದವನು ಭಕ್ತನಲ್ಲ. ಅವನು ಕಾರೇಹಟ್ಟಿಯ ಗಾದ್ರಪ್ಪ, ಬೇಟೆಯ ಯಜಮಾನ.

ಕಾನೂನು ಇನ್ನೂ ಕಾಡಿನೊಳಗೆ ಕಾಲಿಡದಿದ್ದ ಕಾಲ ಅದು. ಯುಗಾದಿಯ ಮರುದಿನ, ಹೊಸತೊಡಕಿನಂದು, ಹಟ್ಟಿಯ ಗಂಡಸರೆಲ್ಲ ಬಲೆ, ಕೋವಿ, ನಾಯಿಗಳೊಡನೆ ಬೇಟೆಗೆ ಹೊರಡುವುದು ಪದ್ಧತಿ. ಅಂದು ಹೇಗೋ ವರ್ಷವೆಲ್ಲ ಹಾಗೆ. ಬರಿಗೈಯಲ್ಲಿ ಬಂದರೆ ವರ್ಷವೂ ಬರಿದು. ಪ್ರಾಣಿ ಬಿದ್ದಲ್ಲಿಯೇ ಎಲ್ಲರೂ ಸಾಲಾಗಿ ಕುಕ್ಕರಗಾಲಲ್ಲಿ ಕೂರಬೇಕು. ಹಿರಿಯರೊಬ್ಬರು "ಪಾಲು ಹಾಕು" ಎನ್ನುತ್ತಾರೆ. ಯಜಮಾನ ಪಾಲು ಹಾಕುತ್ತಾನೆ. ಅಲ್ಲಿದ್ದವರಿಗೆಲ್ಲ ಒಂದೊಂದು ಪಾಲು, ನಾಯಿಗೂ ಒಂದು. ಕೈಗೆ ಬಿದ್ದ ಪಾಲನ್ನು ಒಲ್ಲೆ ಎನ್ನುವಂತಿಲ್ಲ; ಬಿದ್ದ ಕೂಡಲೇ ಅದರಲ್ಲೊಂದು ಚೂರು ಕೆಂಡಕ್ಕೆ ಹಿಡಿದು ಬಾಯಿಗೆ ಹಾಕಿಕೊಳ್ಳಬೇಕು. ಉಳಿದದ್ದು ಮನೆಗೆ ಹೋಗಿ ಹುಣಸೆ ಚಿಗುರಿನೊಂದಿಗೆ ಬೇಯುತ್ತದೆ. ಜಿಂಕೆಯ ಬಾಡಿಗೂ ಹುಣಸೆ ಚಿಗುರಿಗೂ ಇರುವ ನಂಟಿನ ಬಗ್ಗೆ ಗಾದ್ರಪ್ಪ ಅರ್ಧ ದಿನ ಮಾತಾಡಬಲ್ಲವನಾಗಿದ್ದ. ಬೇರೆ ವಿಷಯಗಳಲ್ಲಿ ಅವನು ಮಿತಭಾಷಿ.

ಯಜಮಾನನಿಗೆ ಇನ್ನೊಂದು ಕೆಲಸವೂ ಇತ್ತು. ಹಟ್ಟಿಯಲ್ಲಿ ಹೊಡೆದಾಟವಾದರೆ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಒಂದೇ ತಟ್ಟೆಯ ಉಪ್ಪು ನೆಕ್ಕಿಸಬೇಕು. ನೆಕ್ಕಿದ ಮೇಲೆ ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ. ಎತ್ತಿದವನಿಗೆ ಹಟ್ಟಿಯಲ್ಲಿ ನೀರಿಲ್ಲ, ಬೆಂಕಿಯಿಲ್ಲ. ಗಾದ್ರಪ್ಪ ತನ್ನ ದಾಯಾದಿಯೊಬ್ಬನನ್ನೇ ಹಾಗೆ ಹೊರಗೆ ಹಾಕಿದ್ದ. ಕರುಳು ಅಡ್ಡ ಬಂದಿತ್ತು, ಉಪ್ಪು ಗೆದ್ದಿತ್ತು. ಅವನ ಹೆಂಡತಿಯ ತಮ್ಮ ಸಣ್ಣಬೋರಯ್ಯನೂ ಅವನೂ ಹಿಂದೊಮ್ಮೆ ಬೇಟೆಯ ತಲೆ ಯಾರಿಗೆಂದು ಬಡಿದಾಡಿ ಉಪ್ಪು ನೆಕ್ಕಿದವರೇ. ಅಂದಿನಿಂದ ಸಣ್ಣಬೋರಯ್ಯ ಭಾವನ ಮೇಲೆ ಕೈ ಎತ್ತಿರಲಿಲ್ಲ. ನಾಲಿಗೆಗೆ ಉಪ್ಪಿನ ಕಟ್ಟು ಇರಲಿಲ್ಲವಾದ್ದರಿಂದ ಅದನ್ನು ಧಾರಾಳವಾಗಿ ಬಳಸುತ್ತಿದ್ದ.

ಈಗ ಬಳಸಲು ಕಾರಣವೂ ಸಿಕ್ಕಿತ್ತು. ಎರಡು ಹೊಸತೊಡಕು ಬೇಟೆ ಬರಿಗೈಯಾಗಿತ್ತು. ಮೂರನೆಯದೂ ಹಾಗೇ ಆದರೆ ಯಜಮಾನ ಬೇಟೆಯ ಕೊಂಬನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು. ಗಾದ್ರಪ್ಪನ ಅಪ್ಪ, ತಾತ, ಮುತ್ತಾತ ಎಲ್ಲರೂ ಊದಿದ ಕೊಂಬು ಅದು.

"ಭಾವ, ಕೊಂಬು ತೊಳೆದು ಇಡು. ನಂಗೆ ಎಂಜಲು ಆಗಲ್ಲ" ಎಂದ ಸಣ್ಣಬೋರಯ್ಯ, ಜಗಲಿಯ ಮೇಲೆ ಕೂತು.

"ಜಿಂಕೆ ಎಲ್ಲಿದ್ದಾವೋ ಹೇಳು, ಈಗ್ಲೇ ತೊಳೀತೀನಿ."

"ಎಲ್ಲಾ ಮರುಳಯ್ಯತಾತನ ಹಿತ್ಲಾಗೆ ಸೇರ್ಕೊಂಡವೆ. ಸನ್ಯಾಸ ತಗೊಂಡವಂತೆ. ನೀನೂ ಹೋಗು, ತಲೆ ಬೋಳಿಸ್ತಾರೆ."

ಹೋಗುವುದೆಂದು ಗಾದ್ರಪ್ಪ ಅದಾಗಲೇ ನಿಶ್ಚಯಿಸಿದ್ದ. ಸನ್ಯಾಸದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ. ಬೇಟೆಗಾರ ಯಾವ ಉಪಾಯವನ್ನು ಕಂಡರೂ ಅದರ ಒಳಗು ತಿಳಿಯದೆ ನಿದ್ದೆ ಮಾಡುವುದಿಲ್ಲ. ಮುದುಕರೊಬ್ಬರು ಕೋವಿಯಿಲ್ಲದೆ, ಬಲೆಯಿಲ್ಲದೆ, ಕೂತ ಜಾಗದಿಂದ ಏಳದೆ ಒಂದು ಇಡೀ ಹಿಂಡನ್ನು ಬರಮಾಡಿಕೊಳ್ಳುತ್ತಾರೆ ಎಂದರೆ ಅದರಲ್ಲಿ ಕಲಿಯುವುದು ಏನೋ ಇದೆ.

ಯುಗಾದಿಗೆ ಕೆಲವು ದಿನ ಇರುವಾಗ, ಬೆಳಕು ಹರಿಯುವ ಹೊತ್ತಿಗೆ ಅವನು ಗುಡಿಸಲಿನ ಮುಂದೆ ನಿಂತ. ತಾತನವರು ಬಂದದ್ದೇಕೆಂದು ಕೇಳಲಿಲ್ಲ. ಒಂದು ಮಣ್ಣಿನ ಬಟ್ಟಲಿಗೆ ಅಂಬಲಿ ಸುರಿದು ಮುಂದಿಟ್ಟರು. ಗಾದ್ರಪ್ಪ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ತಾತ, ಉಪ್ಪು ಮರೆತಿದ್ದೀರಿ."

"ಹಿತ್ತಲಲ್ಲಿದೆ. ಹೋಗಿ ತೊಗೊಂಬಾ" ಎಂದರು ತಾತನವರು.

ಗಾದ್ರಪ್ಪ ಬಟ್ಟಲು ಹಿಡಿದೇ ಹಿಂಬಾಗಿಲು ದಾಟಿದ. ಹಿತ್ತಲೆಂದರೆ ಒಂದು ಬಾರೆ ಗಿಡ, ಅರ್ಧ ಬಿದ್ದ ಮುಳ್ಳುಬೇಲಿ, ನಡುವೆ ಬಾಯೊಡೆದ ಒಂದು ಹಳೇ ಒರಳುಕಲ್ಲು. ಒರಳಿನ ಸುತ್ತ ಜಿಂಕೆಗಳು ನಿಂತಿದ್ದವು. ಒಂದು ಹೆಣ್ಣು ಒರಳಿನೊಳಗೆ ಮೂತಿ ಇಟ್ಟಿತ್ತು. ಗಾದ್ರಪ್ಪನ ಕಣ್ಣು ತನ್ನಷ್ಟಕ್ಕೆ ತಾನೇ ಅದರ ತೊಡೆಯನ್ನು ತೂಗಿತು, ಎಷ್ಟು ಮನೆಗೆ ಆದೀತೆಂದು ಪಾಲು ಹಾಕಿತು. ಆಮೇಲೆ ಒರಳಿನೊಳಗೆ ಇಣುಕಿತು. ಹರಳುಪ್ಪು.

ಅವನಿಗೆ ಗೌರವದಿಂದ ಮೈ ಜುಮ್ಮೆಂದಿತು. ಉಪ್ಪು ಇಟ್ಟು ಕಾಯುವುದು ಅವನ ಮುತ್ತಾತನ ಉಪಾಯ. ಶಾನುಭೋಗರು ಹೇಳಿದ ಜನ್ಮಾಂತರದ ಶಿಷ್ಯರು ಉಪ್ಪು ನೆಕ್ಕಲು ಬರುತ್ತಿದ್ದರು! ಇಷ್ಟು ವರ್ಷದಲ್ಲಿ ಒಬ್ಬ ಸ್ವಾಮಿಯ ಬಗ್ಗೆ ಅವನಿಗೆ ಇಂಥ ಆದರ ಹುಟ್ಟಿರಲಿಲ್ಲ.

ಆದರೆ ಒಂದು ಲೆಕ್ಕ ತಪ್ಪಿತ್ತು. ಉಪ್ಪಿಗೆ ಬಂದ ಜಿಂಕೆ ಮನುಷ್ಯನ ವಾಸನೆ ಬಡಿದರೆ ಓಡುತ್ತದೆ. ಇವು ಓಡಲಿಲ್ಲ. ಹೆಣ್ಣು ತಲೆ ಎತ್ತಿ ಅವನನ್ನು ನೋಡಿತು, ಒಂದಿಷ್ಟು ಸರಿದು ಜಾಗ ಬಿಟ್ಟು, ಮತ್ತೆ ಮೂತಿ ಇಟ್ಟಿತು. ಜನ ಹೆಚ್ಚಿದ ಪಂಕ್ತಿಯಲ್ಲಿ ಒತ್ತಿ ಕೂರುವ ಹಾಗೆ. ಅಂಬಲಿ ಸಪ್ಪೆಯಾಗಿಯೇ ಇತ್ತು. ಗಾದ್ರಪ್ಪ ಅದರ ಮೂತಿಯ ಪಕ್ಕದಲ್ಲೇ ಮೂರು ಬೆರಳು ಇಳಿಸಿ ಉಪ್ಪು ತೆಗೆದ. ಬೆಚ್ಚನೆಯ ಉಸಿರು ಮಣಿಕಟ್ಟಿಗೆ ಬಡಿಯಿತು. ಅಷ್ಟು ಹತ್ತಿರದಿಂದ ಅವನು ಸತ್ತ ಜಿಂಕೆಗಳ ಕಣ್ಣನ್ನು ಮಾತ್ರ ನೋಡಿದ್ದ. ಬದುಕಿದ್ದುದರ ಕಣ್ಣು ರೆಪ್ಪೆ ಬಡಿಯುತ್ತಿತ್ತು.

ಒಳಗೆ ಬಂದು ಅಂಬಲಿಗೆ ಉಪ್ಪು ಕದಡಿ ಕುಡಿದ. ಬೆರಳಿಗೆ ಅಂಟಿದ್ದನ್ನೂ ನೆಕ್ಕಿದ. ಆಮೇಲೆ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ಕೇಳುವ ಧಾಟಿಯಲ್ಲಿ ತಗ್ಗಿದ ದನಿಯಿಂದ ಕೇಳಿದ:

"ಕಾಯೋಕೆ ಎಲ್ಲಿ ಕೂರ್ತೀರಿ ತಾತ?"

"ಇಲ್ಲೇ."

"ಬಂದ ಮೇಲೆ?"

"ನೋಡ್ತೀನಿ."

"ಆಮೇಲೆ?"

"ಹೋಗ್ತವೆ."

ಗಾದ್ರಪ್ಪ ಬಟ್ಟಲು ಕೆಳಗಿಟ್ಟ. "ಬರೋದು ಉಪ್ಪಿಗೆ, ತಿಳೀತು. ಓಡ್ದೇ ಇರೋದು ಯಾತಕ್ಕೆ?"

"ಅದು ನನಗೂ ತಿಳಿಯದಪ್ಪಾ. ಅದಕ್ಕೇ ದಿನಾ ನೋಡ್ತೀನಿ" ಎಂದರು ತಾತನವರು.

ಹಟ್ಟಿಗೆ ಮರಳುವ ದಾರಿಯಲ್ಲಿ ಗಾದ್ರಪ್ಪನ ಯೋಜನೆ ಸಿದ್ಧವಾಯಿತು. ತಾತನವರ ಹಿತ್ತಲು ಗುಡಿಯಲ್ಲ, ಒರಳು ದೇವರಲ್ಲ. ಬೇಲಿಯ ಗಂಡಿಗೆ ಬಲೆ ಕಟ್ಟಿದರೆ ಕೋವಿಗೆ ಒಂದೇ ಗುಂಡು ಸಾಕು. ಕೊಂಬು ಉಳಿಯುತ್ತದೆ. ಮನಸ್ಸಿನಲ್ಲಿ ಅಳುಕೇನೂ ಇರಲಿಲ್ಲ ಎಂದು ಅವನು ಮುಂದೆ ತಾನೇ ಹೇಳಿಕೊಳ್ಳುತ್ತಿದ್ದ.

ಹೊಸತೊಡಕಿನ ಬೆಳಗ್ಗೆ ಗಂಡಸರು ಸದ್ದಿಲ್ಲದೆ ಬೇಲಿಯನ್ನು ಬಳಸಿದರು. ಬಲೆ ಬಿತ್ತು. ನಾಯಿಗಳ ಬಾಯಿಗೆ ಬಟ್ಟೆ ಕಟ್ಟಿದ್ದರು. ಗಾದ್ರಪ್ಪ ಬಾರೆ ಗಿಡದ ಮರೆಯಲ್ಲಿ ಮಂಡಿಯೂರಿ ಕೋವಿ ಎತ್ತಿದ. ಅದೇ ಹೆಣ್ಣು ಒರಳಿನಿಂದ ತಲೆ ಎತ್ತಿ ಅವನತ್ತ ನೋಡಿತು. ಪರಿಚಯದವನು ಬಂದನೆಂಬಂತೆ, ಅಂದಿನ ಹಾಗೆಯೇ ಒಂದಿಷ್ಟು ಸರಿದು ಜಾಗ ಬಿಟ್ಟಿತು. ಅದರ ತುಟಿಯ ಮೇಲೆ ಉಪ್ಪಿನ ಹರಳು ಮಿನುಗಿತು.

ಗಾದ್ರಪ್ಪನ ಬಾಯಲ್ಲಿ ನೀರೂರಿತು. ಬಾಡಿನ ನೆನಪಿಗಲ್ಲ. ನಾಲಿಗೆಯ ತುದಿಗೆ ಆ ದಿನದ ಉಪ್ಪು ಬಂದು ಕೂತಿತ್ತು.

"ಹೊಡಿ ಭಾವ" ಎಂದು ಸಣ್ಣಬೋರಯ್ಯ ಬೆನ್ನ ಹಿಂದೆ ಪಿಸುಗುಟ್ಟಿದ. ಗಾದ್ರಪ್ಪ ಕೋವಿ ಇಳಿಸಿದ.

"ಆಗಲ್ಲ ಕಣ್ಲಾ. ಉಪ್ಪು ನೆಕ್ಕಿದ್ದೀನಿ."

"ಯಾರ ಜತೆ?"

"ಅದರ ಜತೆ."

ಸಣ್ಣಬೋರಯ್ಯ ಜಿಂಕೆಯನ್ನು ನೋಡಿದ, ಭಾವನನ್ನು ನೋಡಿದ. "ನಿಮ್ಮಿಬ್ಬರಿಗೂ ಯಾವಾಗ ಜಗಳ ಆಗಿತ್ತು?"

"ಹುಟ್ಟಿದಾಗ್ಲಿಂದ."

"ಹಂಗಾರೆ ಕೋವಿ ಇತ್ಲಾಗೆ ಕೊಡು. ಕೊಂಬೂ ಕೊಡು. ನಾನಂತೂ ನೆಕ್ಕಿಲ್ಲ."

ಪದ್ಧತಿಯ ಪ್ರಕಾರ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಗಾದ್ರಪ್ಪ ಕೋವಿ ಕೊಟ್ಟ. ಕೊರಳಿನಿಂದ ಕೊಂಬು ತೆಗೆದ. ಅದರ ದಾರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಅದನ್ನೂ ಕೊಟ್ಟ. ಸಣ್ಣಬೋರಯ್ಯ ಕೋವಿಯನ್ನು ಭುಜಕ್ಕೆ ಒತ್ತಿದ.

ಹಿಂಬಾಗಿಲು ತೆರೆಯಿತು. ತಾತನವರು ಹೊರಗೆ ಬಂದು ಬಲೆಯನ್ನೂ ಕೋವಿಯನ್ನೂ ನಾಯಿಗಳನ್ನೂ ಸಾವಕಾಶವಾಗಿ ನೋಡಿದರು. ಬೇಡವೆನ್ನಲಿಲ್ಲ, ಪಾಪವೆನ್ನಲಿಲ್ಲ. ಒರಳಿನತ್ತ ಕೈ ತೋರಿದರು.

"ಹೊಸತೊಡಕು. ಬರಿಗೈಲಿ ಹೋಗಬೇಡಿ. ಗಾದ್ರಪ್ಪಾ, ಪಾಲು ಹಾಕು."

ತಲೆಮಾರುಗಳಿಂದ ಆ ಎರಡು ಮಾತು ಕಿವಿಗೆ ಬಿದ್ದ ಮೇಲೆ ಕಾರೇಹಟ್ಟಿಯ ಗಂಡಸರು ಯೋಚಿಸಿದವರಲ್ಲ. ಮಂಡಿಗಳು ತಾವಾಗಿ ಮಡಚಿಕೊಂಡವು. ಒಬ್ಬೊಬ್ಬರಾಗಿ ಸಾಲಿನಲ್ಲಿ ಕುಕ್ಕರಗಾಲು ಹಾಕಿ ಅಂಗೈ ಚಾಚಿದರು. ಸಣ್ಣಬೋರಯ್ಯನೂ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟು ಅಂಗೈ ಚಾಚಿದ. ಗಾದ್ರಪ್ಪ ಒರಳಿಗೆ ಕೈ ಹಾಕಿ, ಒಂದು ಹರಳೂ ಹೆಚ್ಚುಕಡಿಮೆಯಾಗದಂತೆ ಪ್ರತಿಯೊಬ್ಬರ ಅಂಗೈಗೆ ಉಪ್ಪು ಹಾಕುತ್ತಾ ಬಂದ. ನಾಯಿಗಳ ಪಾಲನ್ನು ಎಲೆಯ ಮೇಲೆ ಇಟ್ಟ. ಕೈಗೆ ಬಿದ್ದ ಪಾಲಿನಲ್ಲಿ ಒಂದು ಚೂರನ್ನು ಎಲ್ಲರೂ, ರೂಢಿಯಂತೆ, ಬಾಯಿಗೆ ಹಾಕಿಕೊಂಡರು. ಕೆಂಡದ ಅಗತ್ಯ ಬೀಳಲಿಲ್ಲ.

ಎಲ್ಲರಿಗಿಂತ ಮೊದಲು ತಿಳಿದದ್ದು ಸಣ್ಣಬೋರಯ್ಯನಿಗೆ. ಅವನ ನಾಲಿಗೆ ಅರ್ಧದಲ್ಲಿ ನಿಂತಿತು. ಒರಳನ್ನು ನೋಡಿದ, ಅದರಾಚೆ ನಿಂತು ತುಟಿ ಸವರಿಕೊಳ್ಳುತ್ತಿದ್ದ ಜಿಂಕೆಯನ್ನು ನೋಡಿದ.

"ಭಾವ, ಇದು ಮೋಸ."

"ಉಗುಳು, ನೋಡೋಣ" ಎಂದ ಗಾದ್ರಪ್ಪ.

ಪಾಲನ್ನು ಉಗುಳಿದವನು ಬೇಟೆಯಲ್ಲಿ ಇರುವಂತಿಲ್ಲ. ಸಣ್ಣಬೋರಯ್ಯ ನುಂಗಿದ. ಕೋವಿಯನ್ನು ಮೆಲ್ಲನೆ ನೆಲಕ್ಕಿಟ್ಟ. ತಾತನವರು ಅವನ ಹತ್ತಿರ ಬಂದು, "ಉಪ್ಪು ಸರಿಯಾಗಿತ್ತೇನಪ್ಪಾ?" ಎಂದು ವಿಚಾರಿಸಿದರು.

"ಸರಿಯಾಗಿತ್ತು ತಾತ" ಎಂದ ಸಣ್ಣಬೋರಯ್ಯ.

ಹಟ್ಟಿಯಲ್ಲಿ ಅಂದು ಸಂಜೆಯವರೆಗೆ ಪಂಚಾಯಿತಿ ನಡೆಯಿತು. ಉಪ್ಪು ಬೇಟೆಯೋ ಅಲ್ಲವೋ ಎಂಬುದರ ಬಗ್ಗೆ ಹಿರಿಯರಲ್ಲಿ ಎರಡು ಪಕ್ಷವಾಯಿತು. ಆದರೆ ಯಾರ ಕೈಯೂ ಬರಿದಾಗಿರಲಿಲ್ಲ, ನಾಯಿಯವರೆಗೆ ಪಾಲು ಮುಟ್ಟಿತ್ತು, ಎಲ್ಲಾ ಶಾಸ್ತ್ರವೂ ನಡೆದಿತ್ತು. ಆದ್ದರಿಂದ ಕೊಂಬು ಗಾದ್ರಪ್ಪನ ಕೊರಳಿಗೇ ಮರಳಿತು. ಅವನ ಹೆಂಡತಿ ಮಾರಕ್ಕ ಗಂಡನ ಅಂಗೈ ಬಿಡಿಸಿ ನೋಡಿ, "ಇದರ ತೊಡೆ ಯಾವ್ದು, ತಲೆ ಯಾವ್ದು?" ಎಂದಷ್ಟೇ ಕೇಳಿ, ಅದನ್ನು ಅಲಸಂದೆ ಸಾರಿಗೆ ಹಾಕಿದಳು. ಹುಣಸೆ ಚಿಗುರನ್ನೂ ಹಾಕಿದಳು. ಸಾರು ಬಾಡಿನಷ್ಟೇ ರುಚಿಯಾಗಿತ್ತೆಂದು ಯಾರೂ ಸುಳ್ಳು ಹೇಳಲಿಲ್ಲ. ಆದರೆ ಮನೆಮನೆಯ ಹೆಂಗಸರು ಮಕ್ಕಳೂ ಆ ಉಪ್ಪನ್ನು ಉಂಡರು. ಹಟ್ಟಿಗೆ ಹಟ್ಟಿಯೇ ಆ ಹಿಂಡಿನ ಮೇಲೆ ಕೈ ಎತ್ತದಂತಾಯಿತು.

ಗಾದ್ರಪ್ಪ ಬಾಡು ಬಿಟ್ಟನೆಂದು ಕೆಲವು ಭಕ್ತರು ಹೇಳುವುದುಂಟು. ಹಾಗೇನಿಲ್ಲ, ತಾತನವರು ಬಿಡು ಎಂದಿರಲಿಲ್ಲ. ಹಬ್ಬಕ್ಕೆ ಅವನ ಮನೆಯಲ್ಲಿ ಕುರಿ ಬೇಯುತ್ತಿತ್ತು. ಆದರೆ ಪ್ರತಿ ಹೊಸತೊಡಕಿನಂದು ಅವನು ಕೊಂಬು ಊದಿ, ಗಂಡಸರನ್ನೂ ನಾಯಿಗಳನ್ನೂ ಕಟ್ಟಿಕೊಂಡು ಗುಡಿಸಲಿಗೆ ಹೋಗುತ್ತಿದ್ದ. ಬೆನ್ನ ಮೇಲೆ ಒಂದು ಮೂಟೆ ಉಪ್ಪು. ಬರುಬರುತ್ತಾ ಹೊಸತೊಡಕು ಇಲ್ಲದ ದಿನಗಳಲ್ಲೂ ಬೆಳಗ್ಗೆ ಅವನು ಅಲ್ಲಿರುತ್ತಿದ್ದ. ಓಡದಿರುವುದು ಯಾತಕ್ಕೆ ಎಂಬುದು ಅವನಿಗಿನ್ನೂ ತಿಳಿದಿರಲಿಲ್ಲ. ಅದಕ್ಕೇ ತಾತನವರ ಮಗ್ಗುಲಲ್ಲಿ ಕೂತು ನೋಡುತ್ತಿದ್ದ.

ತಾತನವರು ದೇಹ ಬಿಟ್ಟ ಮೇಲೆ ಗುಡಿಸಲಿನ ದೀಪ, ಅಂಬಲಿ, ಒರಳು ಮೂರೂ ಗಾದ್ರಪ್ಪನ ಪಾಲಿಗೆ ಬಂದವು. ಸಣ್ಣಬೋರಯ್ಯ ಆಗಾಗ ಬಂದು ಜತೆಗೆ ಕೂರುತ್ತಿದ್ದ; ಭಾವನನ್ನು ಅಣಕಿಸಲು ಬರುತ್ತೇನೆಂದು ಹೇಳಿಕೊಳ್ಳುತ್ತಿದ್ದ. ಒಂದು ಬೆಳಗ್ಗೆ ಪಕ್ಕದ ತಾಲ್ಲೂಕಿನ ಗುತ್ತಿಗೆದಾರರೊಬ್ಬರು ಹೊಸ ಜೋಡುನಳಿಗೆ ಕೋವಿ ಹಿಡಿದು ಬಂದರು. ಇಲ್ಲಿನ ಜಿಂಕೆಗಳ ಸುದ್ದಿ ಕೇಳಿದ್ದರಂತೆ. ಗಾದ್ರಪ್ಪ ಏನೂ ಕೇಳದೆ ಬಟ್ಟಲಿಗೆ ಅಂಬಲಿ ಸುರಿದು ಮುಂದಿಟ್ಟ. ಅವರು ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಏನಯ್ಯಾ, ಉಪ್ಪೇ ಇಲ್ಲವಲ್ಲ?"

ಗಾದ್ರಪ್ಪ ಬಾಯಿ ತೆರೆಯುವ ಮೊದಲೇ ಸಣ್ಣಬೋರಯ್ಯ, ತಲೆಯನ್ನೂ ಎತ್ತದೆ, ಹೇಳಿದ:

"ಹಿತ್ತಲಲ್ಲಿದೆ ಸ್ವಾಮಿ. ಹೋಗಿ ತೊಗೊಂಬನ್ನಿ."