ಮಲ್ಲರಸನ ಬಳಸುದಾರಿ

ಹೊಂಗೆನಾಡು ಅಂತ ಒಂದು ರಾಜ್ಯ ಇತ್ತು. ಅದನ್ನು ಸೋವರಾಯ ಅನ್ನೋ ದೊರೆ ಆಳುತ್ತಿದ್ದ. ಒಳ್ಳೆ ದೊರೆ. ಯಾರಿಗೂ ಕೇಡು ಬಯಸಿದವನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ ಮಕ್ಕಳೇ, ಯಾಕಂದ್ರೆ ಈ ಕಥೆಯಲ್ಲಿ ಆ ಒಳ್ಳೆಯವನಿಂದಲೂ ಒಂದು ತಪ್ಪಾಗುತ್ತೆ. ಆ ತಪ್ಪನ್ನು ಆಮೇಲೆ ಪೂರ್ತಿ ಸರಿಮಾಡೋಕೆ ಅವನ ಕೈಲೂ ಆಗಲಿಲ್ಲ.

ರಾಜಧಾನಿಯ ಕೋಟೆ ಬಾಗಿಲ ಮುಂದೆ ನಾಲ್ಕು ಹೆದ್ದಾರಿಗಳು ಕೂಡುತ್ತಿದ್ದವು. ಬಡಗಣ ದಾರಿಯಲ್ಲಿ ಉಪ್ಪಿನ ಗಾಡಿ ಬರೋವು. ಮೂಡಣ ದಾರಿಯಲ್ಲಿ ಭತ್ತದ ಗಾಡಿ. ತೆಂಕಣ ದಾರಿಯಲ್ಲಿ ಬೆಲ್ಲದ ಗಾಡಿ. ಪಡುವಣ ದಾರಿಯಲ್ಲಿ ಕಾಡಿನ ಮರ ಹೇರಿಕೊಂಡ ಗಾಡಿ. ನಾಲ್ಕೂ ಒಂದೇ ಕಡೆ ಬಂದು ನುಗ್ಗಿದ ಮೇಲೆ ಕೇಳಬೇಕೆ. ಎತ್ತಿಗೆ ಎತ್ತಿನ ಕೊಂಬು ಸಿಕ್ಕಿಕೊಳ್ಳೋದು, ಗಾಲಿಗೆ ಗಾಲಿ ತಗಲಿಕೊಳ್ಳೋದು, ಗಾಡಿಯವರು ಒಬ್ಬರನ್ನೊಬ್ಬರು ಬೈದಾಡೋದು. ಬೆಳಗ್ಗೆ ಬಂದ ಗಾಡಿ ಕೋಟೆ ಒಳಗೆ ಹೋಗೋ ಹೊತ್ತಿಗೆ ಮಧ್ಯಾಹ್ನ ಆಗೋದು.

ಒಂದು ದಿನ ದೊರೆಯ ಪಲ್ಲಕ್ಕಿಯೇ ಆ ಗದ್ದಲದಲ್ಲಿ ಸಿಕ್ಕಿಹಾಕಿಕೊಂಡಿತು. ಅರಮನೆಗೆ ಬಂದವನೇ ಅವನು ಪಾರುಪತ್ಯಗಾರ ಮಲ್ಲರಸನನ್ನು ಕರೆಸಿದ. ರಾಜ್ಯದ ದಾರಿ, ಸೇತುವೆ, ಸಾಲುಮರ ಎಲ್ಲಾ ನೋಡಿಕೊಳ್ಳೋದು ಈ ಮಲ್ಲರಸನ ಕೆಲಸ.

"ಮಲ್ಲರಸ, ಆ ನಾಲ್ಕುದಾರಿಯನ್ನು ಹೊಸದಾಗಿ ಕಟ್ಟಬೇಕು. ಇವತ್ತಿಗೆ ಆದರೆ ಸಾಲದು, ನನ್ನ ಮೊಮ್ಮಕ್ಕಳ ಕಾಲಕ್ಕೂ ಆಗಬೇಕು. ಐವತ್ತು ವರ್ಷ ಮುಂದೆ ನೋಡಿ ಮಾಡು," ಅಂದ ದೊರೆ.

"ಆಗಲಿ ಮಹಾಸ್ವಾಮಿ," ಅಂದ ಮಲ್ಲರಸ.

ಈಗ ಈ ಮಲ್ಲರಸನ ಮನಸ್ಸಲ್ಲಿ ಏನಿತ್ತು ಅಂತ ಹೇಳ್ತೀನಿ ಕೇಳಿ. ಕೋಟೆಯಿಂದ ಒಂದು ಹರದಾರಿ, ಅಂದರೆ ಮೂರು ಮೈಲಿ ದೂರದಲ್ಲಿ, ಕರಿಕಲ್ಲು ಗುಡ್ಡದ ಬುಡದಲ್ಲಿ ಅವನೊಂದು ಮನೆ ಕಟ್ಟಿಸಿದ್ದ. ಮೂರು ಉಪ್ಪರಿಗೆಯ ಮನೆ. ಕಂಬಕ್ಕೆಲ್ಲಾ ಕೆತ್ತನೆ. ಆದರೆ ಆ ಕಡೆ ಒಂದು ದಾರಿಯೂ ಇರಲಿಲ್ಲ. ದನ ಕಾಯೋರು ಬಿಟ್ಟರೆ ಆ ಮನೆಯನ್ನು ನೋಡೋರೇ ಇರಲಿಲ್ಲ. ದಿನಾ ಉಪ್ಪರಿಗೆ ಮೇಲೆ ಕೂತು ಬರೀ ಬಯಲು ನೋಡಿ ನೋಡಿ ಅವನಿಗೆ ಸಾಕಾಗಿತ್ತು.

ಅವನೊಂದು ನಕ್ಷೆ ಬರೆಸಿದ. ನಾಲ್ಕು ಹೆದ್ದಾರಿಯೂ ಕೋಟೆ ಮುಂದೆ ಕೂಡೋದೇ ಬೇಡ. ಎಲ್ಲವನ್ನೂ ಒಂದು ಎತ್ತರದ ಏರಿಗೆ ಹತ್ತಿಸೋದು. ಆ ಏರಿ ಒಂದು ಹರದಾರಿ ಬಳಸಿಕೊಂಡು ಹೋಗಿ, ಕರಿಕಲ್ಲು ಗುಡ್ಡಕ್ಕೂ ತನ್ನ ಮನೆಗೂ ನಡುವೆ ನುಸುಳಿ, ತಿರುಗಿ ಕೋಟೆಗೆ ಬರೋದು. ತನ್ನ ಮನೆ ಮುಂದೆ ಮಾತ್ರ ಏರಿ ನೆಲಕ್ಕೆ ಇಳಿಯೋದು. ಇಳಿದಾಗ ಗಾಡಿ ನಿಧಾನ ಆಗಲೇಬೇಕಲ್ಲ, ನಿಧಾನ ಆದಾಗ ಗಾಡಿಯವನು ಕತ್ತೆತ್ತಿ ನೋಡಲೇಬೇಕಲ್ಲ.

ಕೋಟೆ ಪಕ್ಕದ ಕೇರಿಯಲ್ಲಿ ಕೆಂಚವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳು. ವಯಸ್ಸಾಗಿತ್ತು, ಕಾಲು ಗಟ್ಟಿ ಇತ್ತು. ಆ ಊರಲ್ಲಿ ಹುಟ್ಟಿದವರಲ್ಲಿ ಮುಕ್ಕಾಲು ಪಾಲು ಅವಳ ಕೈಯಲ್ಲೇ ಹುಟ್ಟಿದವರು. ದೊರೆ ಕೂಡ. ಹಾಗಾಗಿ ಅರಮನೆ ಬಾಗಿಲಲ್ಲಿ ಅವಳನ್ನು ಯಾರೂ ತಡೆಯುತ್ತಿರಲಿಲ್ಲ. ನಾಲ್ಕುದಾರಿಯ ಆಚೆ ಕುಂಬಾರಕೇರಿ, ನೂರು ಒಕ್ಕಲು. ಅಲ್ಲಿಂದ ಕರೆ ಬಂದರೆ ಕೆಂಚವ್ವ ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಹೊರಡೋಳು. ಅದನ್ನು ಅಗಿದು ಮುಗಿಸೋದರೊಳಗೆ ಆ ಮನೆ ಬಾಗಿಲಲ್ಲಿ ಇರೋಳು.

ಮಲ್ಲರಸ ನಕ್ಷೆಯನ್ನು ಆಸ್ಥಾನದಲ್ಲಿ ಹಾಸಿದ ದಿನ ಕೆಂಚವ್ವನೂ ನೋಡೋಕೆ ಹೋದಳು. ಬಿಳಿ ಬಟ್ಟೆ ಮೇಲೆ ಕಾಡಿಗೆಯಲ್ಲಿ ಬರೆದದ್ದು, ಚೆನ್ನಾಗಿಯೇ ಇತ್ತು. ಅವಳು ಬಗ್ಗಿ ಬಗ್ಗಿ ನೋಡಿದಳು.

"ಬುದ್ಧಿ, ಇದರಲ್ಲಿ ಕುಂಬಾರಕೇರಿ ಎಲ್ಲೈತೆ?" ಅಂತ ದೊರೆಯನ್ನು ಕೇಳಿದಳು.

ದೊರೆ ಹುಡುಕಿದ. ಸಿಗಲಿಲ್ಲ. ಮಲ್ಲರಸನ ಮುಖ ನೋಡಿದ.

"ಇದು ಹೆದ್ದಾರಿ ನಕ್ಷೆ ಮಹಾಸ್ವಾಮಿ, ಕೇರಿಗಳನ್ನೆಲ್ಲಾ ಬರೆಯೋಕಾಗುತ್ಯೇ," ಅಂದ ಮಲ್ಲರಸ.

"ಹಂಗಲ್ಲ ಬುದ್ಧಿ. ಈ ಏರಿ ನಮ್ಮ ಕೇರಿಗೂ ಕುಂಬಾರಕೇರಿಗೂ ಮಧ್ಯೆ ಬರ್ತದೆ. ದಾರಿ ಇಷ್ಟು ದೂರ ಬಳಸೋದು ಯಾಕೆ? ನೆಟ್ಟಗೇ ಕಟ್ಟಿ ಅಗಲ ಮಾಡಬಾರದಾ?"

ಮಲ್ಲರಸ ನಕ್ಕ. "ಈಕೆ ಇವತ್ತನ್ನು ನೋಡ್ತಾಳೆ ಮಹಾಸ್ವಾಮಿ. ನಾನು ಐವತ್ತು ವರ್ಷ ಮುಂದೆ ನೋಡ್ತೀನಿ."

ತಾನೇ ಹೇಳಿದ ಮಾತು ಅಲ್ಲವೇ, ದೊರೆಗೆ ಹಿತ ಅನ್ನಿಸಿತು. ಕೆಂಚವ್ವ ಮನೆಗೆ ಹೋದಳು.

ಏರಿ ಏಳತೊಡಗಿತು. ಎದೆಯೆತ್ತರ ಬಂತು. ಕೆಂಚವ್ವ ಮತ್ತೆ ಅರಮನೆಗೆ ಹೋದಳು. "ಬುದ್ಧಿ, ದಾರಿ ಬಳಸಿದರೆ ಬಳಸಲಿ. ಏರಿ ಅಡಿಯಲ್ಲಿ ಒಂದು ಕಂಡಿ ಬಿಡಿಸಿ. ಒಬ್ಬರು ಬಗ್ಗಿ ಹೋಗೋವಷ್ಟು ಸಾಕು."

ದೊರೆ ಮಲ್ಲರಸನನ್ನು ಕೇಳಿದ. "ಕಂಡಿ ಬಿಟ್ಟರೆ ನೀರು ನುಗ್ಗಿ ಏರಿ ಕುಸಿಯುತ್ತೆ ಮಹಾಸ್ವಾಮಿ. ಈಕೆ ಇವತ್ತನ್ನು ನೋಡ್ತಾಳೆ. ನಾನು ಐವತ್ತು ವರ್ಷ ಮುಂದೆ ನೋಡ್ತೀನಿ," ಅಂದ ಅವನು.

ದೊರೆ ಒಪ್ಪಿಕೊಂಡ. ಕೆಂಚವ್ವ ಮನೆಗೆ ಹೋದಳು.

ಏರಿ ಎರಡಾಳೆತ್ತರ ಆಯಿತು. ಎರಡೂ ಕಡೆ ನುಣ್ಣಗೆ ಕಲ್ಲು ಕಟ್ಟಿದರು. ಕೆಂಚವ್ವ ಮೂರನೇ ಸಲ ಹೋದಳು. "ಬುದ್ಧಿ, ಕಂಡಿ ಬೇಡ. ಆ ಕಡೆ ಒಂದಿಷ್ಟು ಮೆಟ್ಟಿಲು, ಈ ಕಡೆ ಒಂದಿಷ್ಟು ಮೆಟ್ಟಿಲು ಇಡಿಸಿ. ಹತ್ತಿ ಇಳೀತೀನಿ."

"ಗಾಡಿ ಓಡಾಡೋ ಏರಿ ಮೇಲೆ ಜನ ಹತ್ತಿ ಇಳಿದರೆ ಗಾಲಿಗೆ ಸಿಕ್ಕಿ ಸಾಯ್ತಾರೆ ಮಹಾಸ್ವಾಮಿ," ಅಂದ ಮಲ್ಲರಸ. ಆಮೇಲೆ ಅದೇ ಐವತ್ತು ವರ್ಷದ ಮಾತು ಹೇಳಿದ.

ದೊರೆ ಎದ್ದು ಹೋಗಿ ಒಂದು ಸಲ ಆ ಜಾಗ ನೋಡಬಹುದಿತ್ತು. ಅರಮನೆಯಿಂದ ಎಷ್ಟು ದೂರ? ಹೋಗಲಿಲ್ಲ. "ಅವ್ವಾ, ಅವನು ತಿಳಿದವನು. ನೀನು ಚಿಂತೆ ಮಾಡಬೇಡ," ಅಂದ. ಕೆಂಚವ್ವ ಆಮೇಲೆ ಹೋಗಲಿಲ್ಲ.

ದಾರಿ ಮುಗಿಯಿತು. ಉಪ್ಪಿನ ಗಾಡಿ, ಭತ್ತದ ಗಾಡಿ, ಬೆಲ್ಲದ ಗಾಡಿ, ಮರದ ಗಾಡಿ ಎಲ್ಲಾ ಏರಿ ಹತ್ತಿ ಒಂದರ ಹಿಂದೆ ಒಂದು ಹೋದವು. ಮಲ್ಲರಸನ ಮನೆ ಮುಂದೆ ನಿಧಾನ ಆದವು. "ಯಾರದಪ್ಪಾ ಈ ಮನೆ?" ಅಂತ ಗಾಡಿಯವರು ಕೇಳಿದರು. ಮಲ್ಲರಸ ಉಪ್ಪರಿಗೆ ಮೇಲೆ ಕೂತು ಕೇಳಿಸಿಕೊಂಡ. ದೊರೆಯೂ ಪಲ್ಲಕ್ಕಿಯಲ್ಲಿ ಏರಿ ಮೇಲೆ ಹೋಗಿ ಬಂದ. ಕೋಟೆ ಮುಂದೆ ಗದ್ದಲ ಇಲ್ಲ. ಅವನಿಗೆ ಅಷ್ಟೇ ಕಂಡಿತು.

ಕುಂಬಾರಕೇರಿಯಲ್ಲಿ ಸಣ್ಣೀರ ಅಂತ ಒಬ್ಬ ಇದ್ದ. ಅವನ ಹೆಂಡತಿ ದೇವೀರಿ. ಚೊಚ್ಚಲ ಬಸುರಿ. ಅವಳೂ ಹುಟ್ಟಿದ್ದು ಕೆಂಚವ್ವನ ಕೈಯಲ್ಲೇ. "ನಿನ್ನ ಹೆರಿಗೆಗೂ ನಾನೇ ಬರ್ತೀನಿ, ಹೆದರಬೇಡ," ಅಂತ ಮಾತು ಕೊಟ್ಟಿದ್ದಳು.

ಒಂದು ದಿನ ಬೆಳಗ್ಗೆ, ಸುಡೋಕೆ ಆವಿಗೆಗೆ ಮಡಕೆ ಜೋಡಿಸ್ತಾ ಇದ್ದಾಗ ದೇವೀರಿಗೆ ನೋವು ಶುರುವಾಯಿತು. ಸಣ್ಣೀರ ಏರಿ ಹತ್ತಿರ ಓಡಿ ಬಂದು ಆ ಕಡೆಗೆ ಕೇಳೋ ಹಾಗೆ ಕೂಗಿದ. ಮೇಲೆ ಗಾಡಿಗಳ ಸದ್ದು. ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಹತ್ತೋಕೆ ನೋಡಿದ, ಕಲ್ಲು ನುಣುಪು, ಮೂರು ಸಲ ಜಾರಿದ. ಆಮೇಲೆ ಓಡಿದ. ಒಂದು ಹರದಾರಿ ಓಡಿ, ಏರಿ ನೆಲಕ್ಕಿಳಿಯೋ ಮಲ್ಲರಸನ ಮನೆ ಮುಂದೆ ದಾಟಿ, ತಿರುಗಿ ಒಂದು ಹರದಾರಿ ಓಡಿ ಕೆಂಚವ್ವನ ಮನೆ ಮುಟ್ಟಿದ. ಅವನ ಬಾಯಲ್ಲಿ ಮಾತು ಹೊರಡಲಿಲ್ಲ. ಕೆಂಚವ್ವನಿಗೆ ಮಾತು ಬೇಕಾಗಲೂ ಇಲ್ಲ. ಎದ್ದು ಹೊರಟಳು.

ಬಂದ ದಾರಿಯಷ್ಟನ್ನೂ ಮತ್ತೆ ಹೋಗಬೇಕಲ್ಲ. ಸ್ವಲ್ಪ ದೂರ ನಡೆದಳು. ಸ್ವಲ್ಪ ದೂರ ಸಣ್ಣೀರ ಬೆನ್ನ ಮೇಲೆ ಹೊತ್ತ. "ನನ್ನ ಇಳಿಸು, ನೀನು ಮುಂದೆ ಓಡು," ಅಂದಳು. "ನಾನು ಒಬ್ಬನೇ ಹೋಗಿ ಏನು ಮಾಡಲವ್ವಾ," ಅಂದ ಅವನು.

ಅವರು ಮನೆ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಪಕ್ಕದ ಮನೆಯವಳ ಮಡಿಲಲ್ಲಿ ಕೂಸು ಅಳುತ್ತಿತ್ತು. ಹೆಣ್ಣು ಕೂಸು. ದೇವೀರಿ ಆಗಲೇ ಹೋಗಿಬಿಟ್ಟಿದ್ದಳು. ರಕ್ತ ನಿಂತಿರಲಿಲ್ಲ, ನಿಲ್ಲಿಸೋದು ಆ ಹೆಂಗಸರಿಗೆ ಗೊತ್ತಿರಲಿಲ್ಲ. ಕೆಂಚವ್ವ ಅವಳ ಕೈ ಹಿಡಿದಳು. ಇನ್ನೂ ಬೆಚ್ಚಗಿತ್ತು.

"ಕೆಂಚವ್ವ ಬರ್ತಾಳೆ, ಬರ್ತೀನಿ ಅಂದವಳೆ ಅಂತ ಕೊನೇವರೆಗೂ ಅಂತಾನೇ ಇದ್ದಳು ಕಣವ್ವ," ಅಂದಳು ಪಕ್ಕದ ಮನೆಯವಳು.

ಮೂರು ದಿನ ಕೆಂಚವ್ವ ತನ್ನ ಮನೆ ಜಗಲಿ ಮೇಲೆ ಕೂತೇ ಇದ್ದಳು. ಎದುರಿಗೆ ಏರಿ. ಮೇಲೆ ಗಾಡಿಗಳು. ನಾಲ್ಕನೇ ದಿನ ಎದ್ದು, ಸೀರೆ ಬದಲಿಸಿ, ಅರಮನೆಗೆ ಹೋದಳು. ಅಳಲಿಲ್ಲ. ಸತ್ತವಳ ಸುದ್ದಿ ಎತ್ತಲಿಲ್ಲ.

"ಬುದ್ಧಿ, ನಾನು ತಪ್ಪು ತಿಳಿದಿದ್ದೆ. ನಿಮ್ಮ ಪಾರುಪತ್ಯಗಾರರು ಐವತ್ತು ವರ್ಷ ಮುಂದೆ ನೋಡೋದು ನಿಜ. ಆದರೆ ಒಂದು ಅನುಮಾನ. ಆಗ ಗಾಡಿಗಳು ಎಷ್ಟಾಗ್ತವೆ?"

ದೊರೆಯ ಪಕ್ಕದಲ್ಲೇ ಇದ್ದ ಮಲ್ಲರಸ ಉಬ್ಬಿಹೋದ. "ಒಂದಕ್ಕೆ ಹತ್ತಾಗುತ್ತೆ. ನಾನೇ ಲೆಕ್ಕ ಹಾಕಿದ್ದೀನಿ."

"ಈಗ ಏರಿ ಮೇಲೆ ಎರಡು ಗಾಡಿ ಪಕ್ಕಪಕ್ಕ ಹೋಗ್ತವೆ. ಹತ್ತರಷ್ಟಾದರೆ ಸಾಕಾಗ್ತದಾ?"

"ಅದು ಹೇಗೆ ಸಾಕಾಗುತ್ತೆ. ಅಗಲ ಮಾಡಬೇಕಾಗುತ್ತೆ."

"ಹಂಗಾದ್ರೆ ಈಗಲೇ ಮಾಡಿಬಿಡಿ ಬುದ್ಧಿ," ಅಂದಳು ಕೆಂಚವ್ವ ದೊರೆಗೆ. "ಕಲ್ಲು ಐತೆ, ಒಡ್ಡರು ಊರಲ್ಲೇ ಅವ್ರೆ. ಆ ಗುಡ್ಡದ ತಿರುವಿನಿಂದ ಶುರು ಮಾಡ್ಲಿ."

ದೊರೆಗೆ ಮಾತು ಸರಿ ಅನ್ನಿಸಿತು. "ಯಾವ ಕಡೆಗೆ ಅಗಲ ಮಾಡೋದು ಮಲ್ಲರಸ?"

ಕೆಂಚವ್ವನೇ ಹೇಳಿದಳು. "ಒಂದು ಕಡೆ ಕರಿಕಲ್ಲು ಗುಡ್ಡ ಬುದ್ಧಿ, ಇಡೀ ಗುಡ್ಡ ಒಂದೇ ಬಂಡೆ, ಒಡೆಯೋಕಾಗಲ್ಲ. ಇನ್ನೊಂದು ಕಡೆ ಇವರ ಮನೆ."

"ಮನೆ ತೆಗೆದರಾಯಿತು. ನಿನಗೆ ಬೇರೆ ಕಡೆ ಕಟ್ಟಿಸಿಕೊಡೋಣ," ಅಂದ ದೊರೆ.

ಮಲ್ಲರಸ ಮುಂದೆ ಬಂದು ಕೈಮುಗಿದ. "ಅಷ್ಟು ಅವಸರ ಯಾಕೆ ಮಹಾಸ್ವಾಮಿ. ಐವತ್ತು ವರ್ಷ ಅಂದರೆ ಯಾರು ಕಂಡಿದ್ದಾರೆ?"

"ನೀನು ಕಂಡಿದ್ದೀಯಲ್ಲ. ಮೂರು ಸಲ ನನಗೆ ಹೇಳಿದೆ."

"ಗಾಡಿ ಹೆಚ್ಚಾಗದೇನೂ ಇರಬಹುದು ಮಹಾಸ್ವಾಮಿ. ಅಷ್ಟು ಹೆಚ್ಚಾದರೆ ಆಗ ಕೋಟೆ ಮುಂದೆ ನೆಟ್ಟಗೆ ಒಂದು ದಾರಿ ಎಳೆದರೂ ನಡೆಯುತ್ತೆ. ಅಲ್ಲಿ ಬೇಕಾದಷ್ಟು ಬಯಲಿದೆ."

ಹೇಳಿದ ಮೇಲೆ ಅವನಿಗೆ ತಾನೇನು ಹೇಳಿದೆ ಅಂತ ತಿಳಿಯಿತು.

"ನೆಟ್ಟಗೆ ಎಳೆದರೆ ನಡೆಯುತ್ತೆ ಅನ್ನೋದಾದರೆ," ದೊರೆ ನಿಧಾನವಾಗಿ ಕೇಳಿದ, "ಈ ದಾರಿ ಯಾಕೆ ಬಳಸಿತು?"

ಮಲ್ಲರಸ ತಲೆ ತಗ್ಗಿಸಿದ. ಅವನ ಮನೆ ಎಲ್ಲಿದೆ ಅಂತ ದೊರೆಗೆ ಈಗ ಗೊತ್ತಾಗಿತ್ತು. ಇನ್ನೇನೂ ಕೇಳೋದು ಉಳಿದಿರಲಿಲ್ಲ.

ಆಗ ಕೆಂಚವ್ವ ದೇವೀರಿಯ ಸುದ್ದಿ ಹೇಳಿದಳು. ಕೂಗು ಕೇಳಿಸದೆ ಇದ್ದದ್ದು, ಕಲ್ಲಿನ ಮೇಲೆ ಜಾರಿದ್ದು, ಬೆನ್ನ ಮೇಲೆ ಹೊತ್ತದ್ದು, ಬೆಚ್ಚಗಿದ್ದ ಕೈ. ಒಂದೂ ಹೆಚ್ಚು ಮಾಡಿ ಹೇಳಲಿಲ್ಲ. ದೊರೆ ಸಿಂಹಾಸನದಿಂದ ಇಳಿದು ಬಂದು ಅವಳ ಮುಂದೆ ನೆಲದ ಮೇಲೆ ಕೂತ.

"ನೀನು ಮೂರು ಸಲ ಬಂದೆ ಅವ್ವಾ. ಮೂರು ಸಲವೂ ನಾನು ಅವನನ್ನು ಕೇಳಿದೆ. ನಾನು ಒಂದು ಸಲವೂ ಹೋಗಿ ನೋಡಲಿಲ್ಲ."

"ನಾನೂ ಮೂರು ಸಲ ಬೇಡಿಕೊಂಡೇ ಹೋದೆ ಬುದ್ಧಿ," ಅಂದಳು ಕೆಂಚವ್ವ. "ಇವತ್ತು ಕೇಳಿದ ಪ್ರಶ್ನೆ ಅವತ್ತೇ ನನಗೆ ಹೊಳೆಯಬಾರದಾಗಿತ್ತಾ. ಹೊಳೆದಿದ್ದರೆ ಹುಡುಗಿ ಬದುಕಿರೋಳು. ರಾತ್ರಿ ಮಲಗಿದರೆ ನನಗೆ ಅದೇ."

ದೊರೆ ಎದ್ದು ಮಲ್ಲರಸನ ಕಡೆ ತಿರುಗಿದ.

ಮಲ್ಲರಸನ ಮುದ್ರೆಯುಂಗುರ ಕಿತ್ತುಕೊಂಡು ಅವನನ್ನು ಕೆಲಸದಿಂದ ಇಳಿಸಿದರು. ಅವನ ಮನೆಯನ್ನು ಯಾರೂ ಮುಟ್ಟಲಿಲ್ಲ. ದಾರಿಯನ್ನು ಮಾತ್ರ ಅದರ ಮುಂದಿನಿಂದ ತೆಗೆದುಬಿಟ್ಟರು. ಏರಿ ಒಡೆದು, ಅದೇ ಕಲ್ಲಿನಿಂದ ಕೋಟೆ ಮುಂದೆ ಅಗಲವಾದ ನೆಟ್ಟನೆ ದಾರಿ ಕಟ್ಟಿದರು. ಯಾವ ಕಡೆ ಗಾಡಿ ಯಾವಾಗ ನಿಲ್ಲಬೇಕು, ಯಾವಾಗ ಹೊರಡಬೇಕು ಅಂತ ಡೋಲು ಬಡಿದು ಹೇಳೋಕೆ ಆಳು ಇಟ್ಟರು. ನಡೆಯೋರಿಗೆ ನಡುವೆ ಜಾಗ ಬಿಟ್ಟರು. ಈ ಸಲ ಗೂಟ ಹೊಡೆಯೋಕೆ ಮುಂಚೆ ದೊರೆಯೇ ಕೆಂಚವ್ವನ ಜೊತೆ ಅವಳ ಮನೆಯಿಂದ ಕುಂಬಾರಕೇರಿವರೆಗೆ ನಡೆದ. ಕೆಲಸ ಮುಗಿಯೋಕೆ ಎರಡು ವರ್ಷ ಹಿಡಿಯಿತು.

ಮುಗಿದ ದಿನ ದೊರೆ ಸಣ್ಣೀರನ ಮನೆಗೆ ಹೋದ. ಸಣ್ಣೀರ ಮಡಕೆ ಮಾಡೋ ತಿಗರಿ ಮುಂದೆ ಕೂತಿದ್ದ. ಕೂಸು ಅಂಗಳದಲ್ಲಿ ಹಸಿ ಮಣ್ಣು ಮೆತ್ತಿಕೊಂಡು ಆಡುತ್ತಿತ್ತು. ದೊರೆಯನ್ನು ನೋಡಿ ಸಣ್ಣೀರ ಎದ್ದು ಕೈಮುಗಿದ.

"ದಾರಿ ಆಯಿತು ಸಣ್ಣೀರ. ನೋಡಿದೆಯಾ?"

"ನೋಡಿದೆ ಬುದ್ಧಿ. ಚೆನ್ನಾಗೈತೆ. ಹತ್ತು ಹೆಜ್ಜೆ ಹಾಕಿದರೆ ಕೆಂಚವ್ವನ ಮನೆ ಕಾಣ್ತದೆ." ಕೂಸಿನ ಕೈಯ ಮಣ್ಣು ಒರೆಸುತ್ತಾ ಕೇಳಿದ, "ಈಗ ನಾನು ಯಾರಿಗೋಸ್ಕರ ಅವಳನ್ನ ಕರೆಯೋಕೆ ಹೋಗ್ಲಿ ಬುದ್ಧಿ?"

ದೊರೆ ಪಲ್ಲಕ್ಕಿ ಬೇಡ ಅಂದು ನಡೆದುಕೊಂಡೇ ಅರಮನೆಗೆ ಹೋದ.

ಕಥೆ ಇಷ್ಟೇ ಮಕ್ಕಳೇ. ನೀವು ದೊಡ್ಡವರಾಗಿ ದಾರಿ ಕಟ್ಟೋರಾದರೆ ಮುಂದಿನ ಐವತ್ತು ವರ್ಷ ನೋಡಿ, ಬೇಡ ಅನ್ನಲ್ಲ. ಆದರೆ ಇವತ್ತು ಆ ದಾರಿಯಲ್ಲಿ ನಡೆಯೋರನ್ನು ಮೊದಲು ಹೋಗಿ ನೋಡಿ. ಮುಂದೆ ಬರೋರ ಹೆಸರು ಹೇಳಿಕೊಂಡು ತನ್ನ ಆಸೆ ತೀರಿಸಿಕೊಳ್ಳೋನು ಒಂದಲ್ಲ ಒಂದು ದಿನ ಸಿಕ್ಕಿಬೀಳ್ತಾನೆ. ಆದರೆ ಅವನು ಸಿಕ್ಕಿಬೀಳೋವರೆಗೆ ಕಾಯಬಾರದು. ಕೆಟ್ಟ ದಾರಿಯನ್ನು ಒಡೆದು ಕಟ್ಟಬಹುದು, ಅದರಿಂದ ಹೋದ ಜೀವವನ್ನು ತರೋಕಾಗಲ್ಲ.