ಬರಿಗಡಿಗೆ ಕೆರೆ

ಕೊರಡಿಹಾಳದಿಂದ ಪಡುವಣಕ್ಕೆ ಎರೆಹೊಲಗಳ ನಡುವೆ ಸಾಗುವ ಗಾಡಿದಾರಿ ಮುಗಿಯುವಲ್ಲಿ ಬರಿಗಡಿಗೆ ಕೆರೆಯ ಏರಿ ಕಾಣಿಸುತ್ತದೆ. ತೂಬಿನ ಎಡಕ್ಕೆ ಮೊಣಕಾಲೆತ್ತರದ ಒಂದು ಕಲ್ಲು ನಿಂತಿದೆ. ಅದರ ಮೇಲೆ ಬೋರಲು ಹಾಕಿದ ಗಡಿಗೆಯೊಂದನ್ನು ಕೆತ್ತಿದ್ದಾರೆ. ಗಡಿಗೆಯ ಹೊಟ್ಟೆಯಲ್ಲಿ ಕಣ್ಣುಗಳಂತೆ ಎರಡು ಸಣ್ಣ ಕುಳಿಗಳಿವೆ. ಕಲ್ಲಿನಲ್ಲಿ ಒಂದಕ್ಷರದ ಬರಹವೂ ಇಲ್ಲ. ಚಳಿಗಾಲದಲ್ಲಿ ಬಾತುಕೋಳಿಗಳ ಹಿಂಡು ಬಂದಿಳಿದಾಗ ಅವನ್ನು ನೋಡಲು ಬರುವವರಿಗೆ ಎರಡು ಸಂಗತಿಗಳು ವಿಚಿತ್ರವೆನಿಸುತ್ತವೆ. ವರ್ಷದ ಬಹುಕಾಲ ತುಂಬಿಯೇ ಇರುವ ಕೆರೆಗೆ ಇಂಥ ಹೆಸರೇಕೆ ಎಂಬುದು ಒಂದು. ಇಷ್ಟೊಂದು ಹಕ್ಕಿಗಳಲ್ಲಿ ಒಂದೂ ಏರಿಯ ಸಮೀಪ ಸುಳಿಯದೆ ಎಲ್ಲವೂ ನಡುನೀರಿನಲ್ಲೇ ಏಕೆ ಕೂತಿರುತ್ತವೆ ಎಂಬುದು ಇನ್ನೊಂದು. ಹಕ್ಕಿಗಳನ್ನು ಬಲ್ಲವರು, ನಡುನೀರಿನ ಪಾಚಿಯಲ್ಲಿ ಮೇವು ಹೆಚ್ಚೆಂದು ಹೇಳುವುದುಂಟು. ಅದು ನಿಜವೂ ಇರಬಹುದು. ಕೊರಡಿಹಾಳದ ಹಿರಿಯರು ಮಾತ್ರ ಎರಡೂ ಪ್ರಶ್ನೆಗಳಿಗೆ ಒಂದೇ ಕಥೆಯನ್ನು ಉತ್ತರವಾಗಿ ಕೊಡುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದ ಕಾಲದಲ್ಲಿ, ಏರಿಯ ಕೆಳಗೆ ಅಂಬಿಗರ ಕೇರಿಯೊಂದಿತ್ತು ಎನ್ನುತ್ತಾರೆ. ಬೇಸಿಗೆಯಲ್ಲಿ ಮೀನು, ಚಳಿಗಾಲದಲ್ಲಿ ಬಾತು ಅವರ ಬದುಕು. ಬಾತು ಹಿಡಿಯಲು ಅವರಿಗೆ ಬಲೆ ಬೇಕಿರಲಿಲ್ಲ, ಬಾಣವೂ ಬೇಕಿರಲಿಲ್ಲ. ಹಕ್ಕಿಗಳು ಬರುವ ಮುನ್ನವೇ ಖಾಲಿ ಗಡಿಗೆಗಳನ್ನು ಬೋರಲಾಗಿ ನೀರಿನ ಮೇಲೆ ತೇಲಬಿಡುತ್ತಿದ್ದರು. ಬಂದ ಹಕ್ಕಿಗಳು ಮೊದಲು ಬೆದರಿ, ಆಮೇಲೆ ಮರೆತು, ಕೊನೆಗೆ ಗಡಿಗೆಗಳಿಗೆ ಮೈಯುಜ್ಜಿಕೊಂಡೇ ಈಜಾಡುತ್ತಿದ್ದವು. ಆಗ ಒಬ್ಬ ಅಂಬಿಗ ಕಣ್ಣಿಗೆ ತೂತು ಕೊರೆದ ಗಡಿಗೆಯೊಂದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಗದ್ದದವರೆಗೆ ನೀರಿನಲ್ಲಿ ಮುಳುಗಿ ಹಿಂಡಿನೊಳಗೆ ಸರಿಯುತ್ತಿದ್ದ. ಹಕ್ಕಿಯ ಕಾಲನ್ನು ನೀರಿನಡಿಯಲ್ಲೇ ಹಿಡಿದು ಒಳಗೆಳೆದು ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಪಕ್ಕದ ಹಕ್ಕಿಗೂ ಸುಳಿವು ಹತ್ತುತ್ತಿರಲಿಲ್ಲ. ಸದ್ದಿಲ್ಲದೆ ನಡೆಯುವ ಈ ಕೆಲಸದಲ್ಲಿ ಹುಲುಗಪ್ಪನನ್ನು ಮೀರಿಸುವವರು ಕೇರಿಯಲ್ಲಿ ಇರಲಿಲ್ಲವಂತೆ.

ಹುಲುಗಪ್ಪನಿಗೂ ಆಗಿನ ದೇಸಾಯಿ ವೀರಸಂಗಪ್ಪನಿಗೂ ಒಂದೇ ಎದೆಹಾಲಿನ ನಂಟು. ವೀರಸಂಗಪ್ಪನ ಹೆತ್ತ ತಾಯಿ ಬಾಣಂತಿತನದಲ್ಲೇ ತೀರಿಕೊಂಡಾಗ ಕೂಸನ್ನು ದೇಸಾಯರ ವಾಡೆಯಿಂದ ಅಂಬಿಗರ ಕೇರಿಗೆ ತಂದು ಹುಲುಗಪ್ಪನ ತಾಯಿ ಸಂಕವ್ವನ ಮಡಿಲಿಗೆ ಹಾಕಿದ್ದರು. ಅವಳ ಒಂದು ಮಗ್ಗುಲಲ್ಲಿ ಹುಲುಗಪ್ಪ, ಇನ್ನೊಂದು ಮಗ್ಗುಲಲ್ಲಿ ದೇಸಾಯರ ಮಗ. ಬೆಳೆದ ಮೇಲೆ ಒಬ್ಬ ಧಣಿಯಾದ, ಇನ್ನೊಬ್ಬ ಊಳಿಗದವನಾದ. ಆದರೂ ಇಬ್ಬರೇ ಇರುವಾಗ ಹಳೆಯ ಸಲಿಗೆ ಉಳಿದಿತ್ತು. ವೀರಸಂಗಪ್ಪ ಬಂದೂಕು ತರಿಸಿದಾಗ ಮೊದಲು ತೋರಿಸಿದ್ದು ಹುಲುಗಪ್ಪನಿಗೇ. ಬಂದೂಕು ಚೆನ್ನಾಗಿತ್ತು, ಹಿಡಿದ ಕೈಯೂ ಗಟ್ಟಿಯಾಗಿತ್ತು. ಆದರೆ ಮದ್ದಿಗೆ ಕಿಡಿ ತಗುಲುವ ಹೊತ್ತಿಗೆ ಸರಿಯಾಗಿ ದೇಸಾಯಿ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಬಿಡುತ್ತಿದ್ದ. ಸಾಲದ್ದಕ್ಕೆ, ಹಕ್ಕಿಗಳು ಇಳಿಯುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಗುಂಡು ಮುಟ್ಟಲಾರದಷ್ಟು ಎತ್ತರದಲ್ಲಿ ಹಾರುವ ಹಿಂಡಿಗೆ ಗುರಿಯಿಟ್ಟು ಸಿಡಿಸುತ್ತಿದ್ದ.

“ಹಕ್ಕಿಗೇನೂ ಆಗಿಲ್ರಿ ಧಣಿ,” ಎಂದು ಹುಲುಗಪ್ಪ ಕೈಯನ್ನು ಹುಬ್ಬಿಗಿಟ್ಟು ಮೇಲೆ ನೋಡುತ್ತ ನಗುತ್ತಿದ್ದ. “ಮುಗಿಲಿಗೇನರ ಪೆಟ್ಟಾಗೇತೇನೋ ನೋಡ್ರಿ.”

ನಗೆಯಿಂದಲೇ ಆ ಆಟ ಹುಟ್ಟಿತು. ಒಂದು ದಿನ ದೇಸಾಯಿ ಸಿಡಿಸಿದಾಗ, ಗಡಿಗೆಯಡಿ ಇದ್ದ ಹುಲುಗಪ್ಪ ಉಡಿದಾರದಲ್ಲಿದ್ದ ಸತ್ತ ಬಾತೊಂದನ್ನು ಬಿಚ್ಚಿ ಧೊಪ್ಪೆಂದು ನೀರಿಗೆ ಬಡಿದು ತೇಲಬಿಟ್ಟ. ಮದ್ದಿನ ಹೊಗೆ ಸರಿಯುವಷ್ಟರಲ್ಲಿ ಏರಿಯ ಮೇಲಿದ್ದ ಆಳುಗಳು, ಧಣಿಯ ಗುಂಡು ಮುಗಿಲು ಮುಟ್ಟಿತೆಂದು ಕೂಗಾಡಿದರು. ದೇಸಾಯಿ ಇಲ್ಲವೆನ್ನಲಿಲ್ಲ. ಆಟ ರೂಢಿಯಾಯಿತು, ರೂಢಿ ಕೀರ್ತಿಯಾಗಿ ಸೀಮೆಯಾಚೆಗೂ ಹಬ್ಬಿತು. ಏರಿಯಿಂದ ಗುರುತು ಸಿಗಲೆಂದು ಹುಲುಗಪ್ಪನ ಗಡಿಗೆಗೆ ಸುಣ್ಣದ ಪಟ್ಟೆ ಎಳೆದರು. ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು ದೇಸಾಯಿ ಮಾತು ಕೊಟ್ಟ: “ನೀ ನೀರಾಗ ಇರೋತನಕ ನನ್ನ ಬಂದೂಕಿನ ಬಾಯಿ ಮುಗಿಲ ಕಡೆಗೇ ಇರತೈತಿ, ಹುಲುಗ್ಯಾ.” ಹುಲುಗಪ್ಪನಿಗೆ ಆ ಮಾತು ಸಾಕಾಗಿತ್ತು. ಮಾತಿಗಿಂತಲೂ ಆ ಮುಚ್ಚುವ ಕಣ್ಣುಗಳ ಮೇಲೆ ಅವನಿಗೆ ಹೆಚ್ಚು ಭರವಸೆಯಿತ್ತು ಎಂದು ಕೆಲವರು ನಗುತ್ತಾರೆ.

ಕೀರ್ತಿ ಕೋಟೆಯನ್ನು ತಲುಪಿ, ಅಲ್ಲಿನ ಕಿಲ್ಲೇದಾರ ತನ್ನ ಬಂದೂಕಿನವರೊಡನೆ ಬೇಟೆಗೆ ಬಂದಿಳಿದ. ಕೋಟೆಯ ಬಂದೂಕು ದಳಕ್ಕೆ ಒಬ್ಬ ನಾಯಕ ಬೇಕಾಗಿದ್ದ. ಆ ಪದವಿ ತನಗೇ ಸಿಗಬೇಕೆಂಬುದು ವೀರಸಂಗಪ್ಪನ ಆಸೆ. ಬೆಳಗಿನ ಬಿಸಿಲೇರುವ ಮುನ್ನವೇ ಹುಲುಗಪ್ಪ ಹಕ್ಕಿಗಳನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಗಡಿಗೆಗಳ ನಡುವೆ ನಿಂತಿದ್ದ. ಹಿಂಡು ಎತ್ತರದಲ್ಲಿ ಸುತ್ತುಹಾಕುತ್ತಿತ್ತು. ದೇಸಾಯಿ ಸಿಡಿಸಿದ, ಹೊಗೆ ಸರಿದಾಗ ನೀರಿನ ಮೇಲೆ ಬಾತು. ಕೋಟೆಯವರು ಅದೇ ಹಿಂಡಿಗೆ ಒಬ್ಬರಾದ ಮೇಲೊಬ್ಬರು ಸಿಡಿಸಿದರು. ಒಂದು ಗರಿಯೂ ಉದುರಲಿಲ್ಲ. ದೇಸಾಯಿ ಮತ್ತೆ ಸಿಡಿಸಿದ, ಮತ್ತೊಂದು ಬಾತು.

“ನಿಮ್ಮ ಗುಂಡು ಮೆಟ್ಟಲು ಹತ್ತಿ ಹೋಗತಾವೇನ್ರಿ ದೇಸಾಯರ?” ಎಂದು ಕಿಲ್ಲೇದಾರ ನಕ್ಕ. ಆದರೆ ಅವನ ನೋಟ ಮುಗಿಲನ್ನು ಬಿಟ್ಟು ನೀರಿಗೆ ಇಳಿದಿತ್ತು. “ಗಾಳಿ ಮೂಡಣದಿಂದ ಬೀಸಾಕ ಹತ್ತೇತಿ. ಉಳಿದ ಗಡಿಗಿ ಎಲ್ಲಾ ಪಡುವಣಕ್ಕ ಹೊಂಟಾವು. ಆ ಸುಣ್ಣದ ಪಟ್ಟಿದು ಮಾತ್ರ ನಿಂತಲ್ಲೇ ನಿಂತೈತಿ. ಒಳಗ ಯಾರರ ಅದಾರೇನು?”

ನೀರಿನ ಮೇಲೆ ಮಾತು ಬಲುದೂರ ಹರಿಯುತ್ತದೆ. ಗಡಿಗೆಯೊಳಗಿದ್ದ ಹುಲುಗಪ್ಪನಿಗೆ ಆ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಆಟ ಮುಗಿಯಿತೆಂದುಕೊಂಡ. ದೇಸಾಯಿ ಗಟ್ಟಿಯಾಗಿ ನಕ್ಕು, ‘ಬಾರಲೇ ಹುಲುಗ್ಯಾ ಮ್ಯಾಲೆ’ ಎಂದು ಕರೆಯುತ್ತಾನೆ, ನಾಲ್ಕು ಜನ ನಗುತ್ತಾರೆ, ಅಷ್ಟೇ. ಅವನು ಆ ಕರೆಗಾಗಿ ಕಾದ.

“ಯಾರೂ ಇಲ್ರಿ,” ಎಂದಿತು ದೇಸಾಯಿಯ ದನಿ. “ಬರೀ ಗಡಿಗಿ.”

“ಹಂಗಾದ್ರ ಒಡೀರಿ, ನೋಡೋಣು.”

ತಾನೇ ಗಡಿಗೆ ತೆಗೆದು ಎದ್ದು ನಿಲ್ಲಬಹುದಿತ್ತು. ಎದ್ದರೆ ಕೋಟೆಯವರೆದುರು ಧಣಿ ಸುಳ್ಳುಗಾರನಾಗುತ್ತಿದ್ದ. ಹುಲುಗಪ್ಪ ಏಳಲಿಲ್ಲ. ಬೊಗಸೆಯ ನೀರು ಅವನಿಗೆ ನೆನಪಿತ್ತು. ಬಂದೂಕಿನ ಬಾಯಿ ಒಂದಿಷ್ಟು ಮೇಲಕ್ಕೇ ಇರುತ್ತದೆ, ಕಣ್ಣು ಮುಚ್ಚುತ್ತವೆ, ಗುಂಡು ಎತ್ತಲೋ ಹೋಗುತ್ತದೆ ಎಂದುಕೊಂಡು ಗಡಿಗೆಯ ತೂತಿನಿಂದ ಏರಿಯತ್ತ ನೋಡಿದ. ಬಂದೂಕಿನ ಬಾಯಿ ಮುಗಿಲಿನಿಂದ ಇಳಿಯಿತು, ಇನ್ನೂ ಇಳಿಯಿತು, ತನ್ನ ನೇರಕ್ಕೆ ಬಂದು ನಿಂತಿತು. ಅದರ ಹಿಂದೆ ದೇಸಾಯಿಯ ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ತೆರೆದಿತ್ತು. ಅಷ್ಟು ದೂರದಿಂದ, ಬೆರಳಗಲದ ತೂತಿನಲ್ಲಿ, ಒಬ್ಬನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯಲಾದೀತೇ ಎಂದು ಕೇಳಿದರೆ ಹೇಳುವವರು ಸಿಟ್ಟಾಗುವುದಿಲ್ಲ. ಒಂದೇ ಎದೆಹಾಲು ಕುಡಿದವನಿಗೆ ತಿಳಿಯುತ್ತದೆ ಎನ್ನುತ್ತಾರೆ.

ಹುಲುಗಪ್ಪ ಗಡಿಗೆಯನ್ನು ಕೈಬಿಟ್ಟು ನೀರಿನ ತಳಕ್ಕೆ ಜಾರಿದ. ತಲೆಯ ಮೇಲೆ ಗಡಿಗೆ ಚೂರುಚೂರಾಯಿತು. ಮುಳುಗುವ ಭರದಲ್ಲಿ ಉಡಿದಾರ ಸಡಿಲಿ, ಉಳಿದಿದ್ದ ಒಂದು ಬಾತು ತೇಲಿ ಚೂರುಗಳ ನಡುವೆ ಎದ್ದಿತು. “ಶಹಬ್ಬಾಸ್! ಒಂದೇ ಗುಂಡಿಗೆ ಗಡಿಗಿನೂ ಹಕ್ಕಿನೂ!” ಎಂದು ಕಿಲ್ಲೇದಾರ ತನ್ನ ಕೊರಳಿನ ಹಾರವನ್ನು ತೆಗೆದು ದೇಸಾಯಿಗೆ ಹಾಕಿದನಂತೆ. ಜೊಂಡಿನ ನಡುವೆ ಮೂಗು ಮಾತ್ರ ಮೇಲಿಟ್ಟು ಉಸಿರಾಡುತ್ತಿದ್ದ ಹುಲುಗಪ್ಪನಿಗೆ ಆ ಕೂಗೂ ಕೇಳಿಸಿತು, ಆಮೇಲೆ ಕುದುರೆಗಳು ಊರ ಕಡೆ ತಿರುಗಿದ್ದೂ ಕೇಳಿಸಿತು. ಬಿಸಿಲು ನೆತ್ತಿಗೇರುವವರೆಗೂ ಅವನು ಅಲ್ಲೇ ಇದ್ದ. ಏರಿಯ ಮೇಲೆ ಯಾರೂ ಹಿಂದಿರುಗಿ ಬರಲಿಲ್ಲ.

ಹುಲುಗಪ್ಪ ಮನೆ ಸೇರಿದ ಸುದ್ದಿ ಸಂಜೆಯೊಳಗೆ ವಾಡೆಗೆ ಮುಟ್ಟಿತು. ಮರುದಿನ ದೇಸಾಯಿ ತಲೆಗೆ ಸುತ್ತುವ ಜರಿಯಂಚಿನ ಪಟಕವನ್ನು ಉಡುಗೊರೆಯಾಗಿ ಹಿಡಿದು ಅಂಬಿಗರ ಕೇರಿಗೆ ಬಂದ. ಹುಲುಗಪ್ಪ ಹೊಸ್ತಿಲಲ್ಲಿ ಕುಳಿತಿದ್ದ, ಏಳಲಿಲ್ಲ.

“ನೀ ಮುಳುಗತೀ ಅಂತ ನನಗ ಗೊತ್ತಿತ್ತಲೋ,” ಎಂದ ದೇಸಾಯಿ.

“ಮುಗಿಲಿಗೆ ಹೊಡಿಯೋವಾಗ ಎರಡೂ ಕಣ್ಣು ಮುಚ್ಚತಿದ್ರಿ, ಧಣಿ. ನಿನ್ನೆ ಒಂದು ತೆರದಿತ್ತು.”

ದೇಸಾಯಿ ಒಳಗೆ ನಿಂತಿದ್ದ ಸಂಕವ್ವನತ್ತ ತಿರುಗಿದ. “ಯವ್ವಾ, ನೀನರ ಅವಂಗ ತಿಳಿಸಿ ಹೇಳು.”

ಹಾಲೂಡಿಸಿದವಳು ಅವನನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ. ಅಂದೂ ಕರೆಯಲಿಲ್ಲ. “ಗಡಿಗಿ ಒಡದ ಮ್ಯಾಲೆ ಜೊಂಡಿನಾಗ ಒಂದ್ಸಲನರ ಹುಡುಕಿದ್ಯೇನಪ್ಪಾ?” ಎಂದಷ್ಟೇ ಕೇಳಿದಳು.

ದೇಸಾಯಿ ಪಟಕವನ್ನು ಕಟ್ಟೆಯ ಮೇಲಿಟ್ಟು ಹೋದ. ಆ ವಾರವೇ ಅಂಬಿಗರು ತೇಲುತ್ತಿದ್ದ ಗಡಿಗೆಗಳನ್ನೆಲ್ಲ ನೀರಿನಿಂದ ತೆಗೆದು ಏರಿಯ ಮೇಲೆ ಬೋರಲು ಹಾಕಿ, ಹೊಳೆಯ ದಂಡೆಯ ಬೇರೆ ಊರಿಗೆ ಹೊರಟುಹೋದರು. ಪಟಕ ಕಟ್ಟೆಯ ಮೇಲೆಯೇ ಉಳಿಯಿತು. ದೇಸಾಯಿಗೆ ಬಂದೂಕು ದಳದ ನಾಯಕತ್ವ ಸಿಕ್ಕಿತು. ಆದರೆ ತೇಲುವ ಗಡಿಗೆಗಳಿಲ್ಲದ, ಸಿಡಿಮದ್ದಿನ ನೆನಪಿದ್ದ ಆ ಕೆರೆಯಲ್ಲಿ ಹಕ್ಕಿಗಳು ಮತ್ತೆಂದೂ ಗುಂಡಿನ ಅಳತೆಗೆ ಬರಲಿಲ್ಲ. ಬಂದವರ ಎದುರು ಅವನು ಮುಗಿಲಿಗೆ ಸಿಡಿಸುತ್ತಲೇ ಇದ್ದ. ಹೊಗೆ ಸರಿದಾಗ ನೀರು ಖಾಲಿಯಾಗಿರುತ್ತಿತ್ತು. ಅಂದು ಕಿಲ್ಲೇದಾರನೆದುರು ಅವನಾಡಿದ ಮಾತನ್ನೇ ಜನ ಕೆರೆಗೆ ಹೆಸರಾಗಿಟ್ಟರು.

ದೇಸಾಯರ ಮನೆತನದವರು ಈ ಕಥೆಯನ್ನು ಬೇರೆ ಬಗೆಯಲ್ಲಿ ಹೇಳುತ್ತಾರೆ: ಗಡಿಗೆ ವಾಲಿ ಅಂಬಿಗ ಮುಳುಗಿದ್ದನ್ನು ಕಂಡ ಮೇಲೆಯೇ ಗುಂಡು ಹಾರಿತೆನ್ನುತ್ತಾರೆ. ಕಲ್ಲನ್ನು ಯಾರು ನೆಟ್ಟರೆಂಬುದಕ್ಕೆ ಆಧಾರವಿಲ್ಲ. ನೀರು ಇಳಿದಾಗ ಕೆಸರಿನಲ್ಲಿ ಮಡಕೆಚೂರುಗಳು ಸಿಗುತ್ತವೆ, ನಿಜ. ಯಾವ ಹಳೆಯ ಕೆರೆಯಲ್ಲಿ ಅವು ಸಿಗುವುದಿಲ್ಲ? ಸುಣ್ಣದ ಗುರುತಿರುವ ಚೂರನ್ನು ಕಂಡವರ ಹೆಸರು ಕೇಳಿದರೆ, ಅವರು ಯಾವಾಗಲೂ ಹಿಂದಿನ ತಲೆಮಾರಿನವರೇ ಆಗಿರುತ್ತಾರೆ.

ಆದರೂ ಚಳಿಗಾಲದ ಮುಂಜಾವಿನಲ್ಲಿ ಹೋದವರಿಗೆ ಕಲ್ಲಿನ ಬುಡದಲ್ಲಿ ಬೋರಲು ಹಾಕಿದ ಹೊಸ ಗಡಿಗೆಗಳು ಕಾಣುತ್ತವೆ. ಹೊಳೆಯ ಕಡೆಯ ಅಂಬಿಗರು ಈ ದಾರಿಯಾಗಿ ಬಂದರೆ ಒಂದನ್ನು ಇಟ್ಟುಹೋಗುತ್ತಾರೆ. ಅವನ್ನು ಕೊರಡಿಹಾಳದವರು ಒಡೆಯುವುದಿಲ್ಲ. ಗದ್ದೆಗೆ ನೀರು ಬಿಡಲು ಬಂದವರು, ತೂಬಿನ ದಾರಿಗೆ ಅಡ್ಡವಾಯಿತೆಂದು ಒಂದು ಗಡಿಗೆಯನ್ನು ಸರಿಸಬೇಕಾದರೂ ಮೊದಲು ಬಗ್ಗಿ, ಅದರ ಹತ್ತಿರ ಬಾಯಿಟ್ಟು, “ಒಳಗ ಯಾರರ ಅದಾರೇನು?” ಎಂದು ಕೇಳುತ್ತಾರೆ. ಕೇಳಿ, ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ. ಆಮೇಲೆಯೇ ಗಡಿಗೆಯನ್ನು ಮುಟ್ಟುತ್ತಾರೆ.